ಊಟದ ನಡುವೆ ಒಂದು ಮಾತ್ರೆ: ಪಿಸಿಓಡಿ ಚಿಕಿತ್ಸೆಯ ನನ್ನ ಅನುಭವ

ಮುಟ್ಟಾಗಿ ನಾಲ್ಕು ತಿಂಗಳಾಗಿತ್ತು. ಗದ್ದದ ಮೇಲೆ ಒರಟು ಕೂದಲು. ಕತ್ತಿನ ಹಿಂಭಾಗ ಕಪ್ಪಾಗಿತ್ತು. ಅಮ್ಮ ಅದನ್ನು ಕೊಳೆ ಅಂದುಕೊಂಡು ಕಡಲೆಹಿಟ್ಟು ಹಚ್ಚಿ ಉಜ್ಜುತ್ತಿದ್ದರು. ಸ್ಕ್ಯಾನಿಂಗ್, ರಕ್ತಪರೀಕ್ಷೆ ಆದ ಮೇಲೆ ಪಿಸಿಓಡಿ, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಶಯ ಸರಿಯಾಗಿ ಕೆಲಸ ಮಾಡದ ತೊಂದರೆ ಎಂದರು. ಕತ್ತಿನ ಕಪ್ಪು ಕೊಳೆಯಲ್ಲ, ಮೈಯಲ್ಲಿ ಇನ್ಸುಲಿನ್ ಜಾಸ್ತಿಯಾಗಿರುವ ಗುರುತು ಅಂತ ಆಗ ತಿಳಿಯಿತು.

ಮೊದಲು ತೋರಿಸಿದ ಕಡೆ ಮೆಟ್‌ಫಾರ್ಮಿನ್ ಅನ್ನೋ ಸಕ್ಕರೆ ಕಾಯಿಲೆಯ ಮಾತ್ರೆ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ ಎಂದು ಬರೆದುಕೊಟ್ಟರು. ಊಟಕ್ಕೆ ಮುಂಚೆಯೋ ಆಮೇಲೋ, ಏನೂ ಹೇಳಲಿಲ್ಲ. ನಾನು ಖಾಲಿ ಹೊಟ್ಟೆಯಲ್ಲೇ ನುಂಗಿದೆ. ವಾಕರಿಕೆ, ಭೇದಿ. ಬಸ್ ಹತ್ತೋಕೂ ಭಯ. ಹತ್ತನೇ ದಿನಕ್ಕೆ ಬಿಟ್ಟುಬಿಟ್ಟೆ.

ಎರಡನೇ ಡಾಕ್ಟರ್ ಕೂರಿಸಿಕೊಂಡು ವಿವರಿಸಿದರು. ಇನ್ಸುಲಿನ್ ಜಾಸ್ತಿಯಾದರೆ ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚು ಮಾಡುತ್ತದೆ, ಅಂಡಾಣು ಬಿಡುಗಡೆಯಾಗುವುದಿಲ್ಲ. ಅದಕ್ಕೇ ಇನ್ಸುಲಿನ್ ತಗ್ಗಿಸಲು ಈ ಸಕ್ಕರೆ ಕಾಯಿಲೆಯ ಮಾತ್ರೆ. ಕಿಡ್ನಿ ಪರೀಕ್ಷೆ ಮಾಡಿಸಿ ಮತ್ತೆ ಶುರು ಮಾಡಿಸಿದರು. ಈ ಸಲ ನಿಧಾನವಾಗಿ ಕರಗುವ ಮಾತ್ರೆ, ರಾತ್ರಿ ಊಟಕ್ಕೆ ಒಂದೇ. ನಾನು ಅರ್ಧ ಮುದ್ದೆ ಉಂಡು, ಮಾತ್ರೆ ನುಂಗಿ, ಉಳಿದರ್ಧ ಉಣ್ಣುತ್ತಿದ್ದೆ. ಮುರಿಯದೆ, ಅಗಿಯದೆ ಇಡಿಯಾಗಿ ನುಂಗಬೇಕು. ವಾರಕ್ಕೊಂದರಂತೆ ಏರಿಸಿ ಮೂರಕ್ಕೆ ಬಂದೆವು. ಹೊಟ್ಟೆ ಕೆಡಲಿಲ್ಲ. ಅದೇ ಔಷಧಿ, ಅದೇ ನಾನು! ಮೊದಲೇ ಹೀಗೆ ಹೇಳಿದ್ದರೆ ಅರ್ಧ ವರ್ಷ ಉಳಿಯುತ್ತಿತ್ತು ಅಂತ ಇವತ್ತಿಗೂ ಬೇಜಾರಿದೆ.

ನಿಂತಿದ್ದ ಮುಟ್ಟಿಗೆ ಬೇರೆ ಮಾತ್ರೆ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಸುಮ್ನೆ ಬಿಡಬಾರದು. ಗರ್ಭಿಣಿಯಲ್ಲ ಎಂದು ಪರೀಕ್ಷೆ ಮಾಡಿಕೊಂಡು, ಮೆಡ್ರಾಕ್ಸಿಪ್ರೊಜೆಸ್ಟರಾನ್ 10 ಮಿಲಿಗ್ರಾಂ ಹತ್ತು ದಿನ ತೆಗೆದುಕೊಂಡೆ. ನಿಲ್ಲಿಸಿದ ನಾಲ್ಕನೇ ದಿನ ಮುಟ್ಟಾಯಿತು.

ಆಮೇಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದೆ. ನಾಲ್ಕು ತಿಂಗಳಾದ ಮೇಲೆ ತಾನಾಗಿಯೇ ಬಂತು. ಮುಂದಿನದು 42 ದಿನಕ್ಕೆ, ಅದರ ಮುಂದಿನದು 36ಕ್ಕೆ. ಆ ದಿನ ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಮುಟ್ಟು ಸರಿಹೋಗುತ್ತಿದೆ ಅಂದರೆ ಗರ್ಭ ನಿಲ್ಲುವ ಸಾಧ್ಯತೆಯೂ ಮರಳಿದೆ ಎಂದರ್ಥ. ಮದುವೆಯಾದವರು ಇದನ್ನು ಡಾಕ್ಟರ್ ಹತ್ತಿರ ಮಾತಾಡಿಕೊಂಡಿರಬೇಕು.

ಗದ್ದದ ಕೂದಲು ಮಾತ್ರ ಹೋಗಲಿಲ್ಲ. ಮೆಟ್‌ಫಾರ್ಮಿನ್ ಅದಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಗರ್ಭನಿರೋಧಕ ಮಾತ್ರೆ ಕೊಡುತ್ತಾರೆ, ಅದೂ ಆರು ತಿಂಗಳಾದರೂ ಕಾಯಬೇಕು. ನನಗೆ ಮೈಗ್ರೇನ್ ಶುರುವಾಗುವ ಮುಂಚೆ ಕಣ್ಣ ಮುಂದೆ ಮಿಂಚು ಬರುತ್ತದೆ. ಹಾಗಿರುವವರಿಗೆ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ ಅಂತ ಡಾಕ್ಟರ್ ಕೊಡಲಿಲ್ಲ. ಗೆಳತಿಯ ಚೀಟಿ ನೋಡಿ ಅದೇ ಮಾತ್ರೆ ತರಬಾರದು ಅನ್ನೋದು ಇದಕ್ಕೇ ಅಲ್ವಾ?

ಎರಡು ವರ್ಷವಾಯಿತು. ಹೋದ ತಿಂಗಳು ಪಾದ ಜುಮ್ಮೆನ್ನುತ್ತಿತ್ತು. ಪರೀಕ್ಷೆ ಮಾಡಿಸಿದರೆ ವಿಟಮಿನ್ ಬಿ12 ಕಡಿಮೆ. ಮೆಟ್‌ಫಾರ್ಮಿನ್ ಬಹಳ ದಿನ ತೆಗೆದುಕೊಂಡರೆ ಹೀಗಾಗಬಹುದು, ಮೇಲಾಗಿ ನಾನು ಸಸ್ಯಾಹಾರಿ. ಈಗ ಅದಕ್ಕೂ ಒಂದು ಮಾತ್ರೆ ಸೇರಿದೆ.