ದಪ್ಪ ಕಾದಂಬರಿಯನ್ನು ಬಿಚ್ಚಿ, ಹೊಲಿಸಿ, ರೈಲಿನಲ್ಲಿ ಓದಿದ ಬಗೆ

ಪುಸ್ತಕದ ಬೆನ್ನಿಗೆ ಬ್ಲೇಡು ಹಾಕುವವಳು ಓದುಗಳೇ ಅಲ್ಲ ಎಂದು ನನಗೆ ಹೇಳಿದವರು ಬಹಳ ಮಂದಿ. ಮನೆಯಲ್ಲಿ ಸೋದರಮಾವ ಹೇಳಿದರು, ಕಚೇರಿಯಲ್ಲಿ ಹಿರಿಯರು ಹೇಳಿದರು. ನಿವೃತ್ತರಾದ ಮೇಲೂ ಪಾಠಕ್ಕೆಂದು ಮಂಡ್ಯದಿಂದ ಮೈಸೂರಿಗೆ ಹೋಗಿಬರುವ ಕನ್ನಡ ಮೇಷ್ಟ್ರೊಬ್ಬರಂತೂ ನನ್ನ ಕೈಯಲ್ಲಿದ್ದ ತುಂಡನ್ನು ನೋಡಿ, "ಏನಮ್ಮಾ ಇದು, ಕುವೆಂಪು ಅವರನ್ನು ಹೀಗೆ ಹರಿದು ಹಂಚಿಬಿಟ್ಟಿದ್ದೀಯಲ್ಲ" ಎಂದು ಮುಖ ತಿರುಗಿಸಿದ್ದರು. ವರ್ಷದ ಮೇಲಾಯಿತು. 'ಮಲೆಗಳಲ್ಲಿ ಮದುಮಗಳು', 'ಪರ್ವ', 'ತೇಜೋ ತುಂಗಭದ್ರಾ' ಮೂರನ್ನೂ ಒಂದು ಪುಟ ಬಿಡದೆ ಓದಿದ್ದೇನೆ. ನಡುನಡುವೆ ತೆಳ್ಳಗಿನವು ಬೇರೆ. ನನ್ನ ಓರಗೆಯವರಲ್ಲಿ ಇಷ್ಟು ಓದಿದವರು ನಮ್ಮ ಬೋಗಿಯಲ್ಲಿ ಇಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಕಳೆದ ತಿಂಗಳು ಅದೇ ಮೇಷ್ಟ್ರು ತಮ್ಮ 'ಗ್ರಾಮಾಯಣ' ಕಾದಂಬರಿಯ ಪ್ರತಿಯನ್ನು ತಂದು ನನ್ನ ಕೈಗಿತ್ತು, ಇದನ್ನೂ ಹಾಗೆ ಮಾಡಿಸಿಕೊಡು ಎಂದರು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರಿನ ಆಸುಪಾಸು, ರೈಲಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಬೆಳಗಿನ ಗಾಡಿಯಲ್ಲಿ ಕೂರಲು ಜಾಗ ಸಿಗುವುದು ಅಪರೂಪ. ಪಾಂಡವಪುರ, ಶ್ರೀರಂಗಪಟ್ಟಣದಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ಒಂದು ಕೈ ಕಂಬಿಗೆ, ಒಂದು ಕೈ ಪುಸ್ತಕಕ್ಕೆ. ಏಳುನೂರು ಪುಟದ ಗಟ್ಟಿ ರಟ್ಟಿನ ಪುಸ್ತಕವನ್ನು ಒಂದೇ ಕೈಯಲ್ಲಿ ತೆರೆದು ಹಿಡಿದು ನೋಡಿ. ನಾಗನಹಳ್ಳಿ ಬರುವಷ್ಟರಲ್ಲಿ ಹೆಬ್ಬೆರಳು ಮರಗಟ್ಟಿರುತ್ತದೆ. ನಮ್ಮ ವಯಸ್ಸಿನವರು ದೊಡ್ಡ ಕಾದಂಬರಿಯ ಹತ್ತಿರ ಹೋಗುವುದಿಲ್ಲ ಎಂದು ದೂರುವ ಹಿರಿಯರು ಈ ತೂಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊದಲು ಮೊಬೈಲಿನಲ್ಲಿ ಪ್ರಯತ್ನಿಸಿದೆ. ಕಣ್ಣು ಉರಿಯುತ್ತಿತ್ತು, ನಾಲ್ಕು ಸಾಲಿಗೊಂದು ಸಂದೇಶ ಬರುತ್ತಿತ್ತು, ಹಿಂದಿನ ಅಧ್ಯಾಯಕ್ಕೆ ಹೋಗಿ ಹೆಸರೊಂದನ್ನು ಹುಡುಕಿ ಬರುವಷ್ಟರಲ್ಲಿ ಓದು ತಪ್ಪಿಹೋಗುತ್ತಿತ್ತು. ಕಿವಿಗೆ ಹಾಕಿಕೊಂಡು ಕೇಳುವುದನ್ನೂ ಮಾಡಿ ನೋಡಿದೆ. ರೈಲಿನ ಸದ್ದಿನಲ್ಲಿ ಅರ್ಧ ಮಾತು ಮುಳುಗಿಹೋಗುತ್ತಿತ್ತು.

ಆಗ ಹೊಳೆದದ್ದು ಬಿಚ್ಚಿಸುವ ಯೋಚನೆ. ಹಳೆ ಪುಸ್ತಕದ ಅಂಗಡಿಯಲ್ಲಿ 'ಮದುಮಗಳು' ಸುಮಾರು 250 ರೂಪಾಯಿಗೆ ಸಿಕ್ಕಿತು. ಬೈಂಡಿಂಗ್ ಮಾಡುವವರೊಬ್ಬರ ಬಳಿ ಕೊಟ್ಟು, ನೂರು ನೂರು ಪುಟಕ್ಕೆ ಬೇರೆ ಮಾಡಿ ತೆಳು ರಟ್ಟು ಹಾಕಿಕೊಡಿ ಎಂದೆ. ಅವರು ನೇರವಾಗಿ ಯಂತ್ರದಡಿ ಇಟ್ಟು ಬೆನ್ನನ್ನೇ ಕತ್ತರಿಸಿ, ಪಕ್ಕದಲ್ಲಿ ಪಿನ್ ಹೊಡೆದು, ಅಂದವಾಗಲಿ ಎಂದು ಮೂರೂ ಅಂಚನ್ನು ಸವರಿ ಕೊಟ್ಟರು. ಒಳಗಿನ ಅಂಚು ಪಿನ್ನಿನ ಪಾಲಾಯಿತು, ಸಾಲಿನ ಮೊದಲ ಅಕ್ಷರ ಮಡಿಕೆಯೊಳಗೆ ಹೋಯಿತು, ಕೆಲವು ಕಡೆ ಪುಟಸಂಖ್ಯೆಯೇ ಹಾರಿತ್ತು. ಎರಡು ಕೈಯಿಂದ ಅಗಲಿಸಿ ಹಿಡಿಯದಿದ್ದರೆ ಪುಟ ತೆರೆಯುತ್ತಿರಲಿಲ್ಲ. 200 ರೂಪಾಯಿ ಕೂಲಿಯೂ ಹೋಯಿತು, ಪುಸ್ತಕವೂ ಹೋಯಿತು. ಮಾವನಿಗೆ ಹಬ್ಬ. ಮತ್ತೊಂದು ಪ್ರತಿ ಕೊಳ್ಳಲು ಆ ತಿಂಗಳ ಸಂಬಳದವರೆಗೆ ಕಾಯಬೇಕಾಯಿತು.

ಎರಡನೆಯ ಪ್ರತಿಯನ್ನು ಮೈಸೂರಿನ ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಕೈಯಿಂದಲೇ ಹೊಲಿಯುವ ವಯಸ್ಸಾದ ಬೈಂಡರ್ ಒಬ್ಬರಿಗೆ ಕೊಟ್ಟೆ. ಅವರು ಪುಸ್ತಕದ ತಲೆಯ ಕಡೆಯಿಂದ ಬೆನ್ನನ್ನು ನೋಡಿ, ಇದು ಹೊಲಿಗೆಯದು, ಹದಿನಾರು ಪುಟದ ಫಾರಂಗಳು, ಅಂದರೆ ಮಡಚಿ ಹೊಲಿದ ಹಾಳೆಯ ಕಟ್ಟುಗಳು, ಕತ್ತರಿಸುವ ಅಗತ್ಯವೇ ಇಲ್ಲ ಎಂದರು. ಬೆನ್ನಿನ ಬಟ್ಟೆಯನ್ನು ನೆನೆಸಿ ಕಿತ್ತು, ಎರಡು ಫಾರಂಗಳ ನಡುವಿನ ದಾರವನ್ನಷ್ಟೇ ಕೊಯ್ದರು. ಒಂದು ಪುಟಕ್ಕೂ ಗಾಯವಿಲ್ಲ. ಆರು ಅಥವಾ ಏಳು ಫಾರಂಗಳನ್ನು ಸೇರಿಸಿ ಹೊಲಿದು, ತೆಳು ರಟ್ಟು ಅಂಟಿಸಿದರೆ ಒಂದು ಪುಸ್ತಿಕೆ. ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ, ಹಿಂದಕ್ಕೆ ಮಡಚಿ ಒಂದೇ ಕೈಯಲ್ಲಿ ಹಿಡಿಯಬಹುದು, ಊಟದ ಡಬ್ಬಿಯ ಪಕ್ಕದಲ್ಲಿ ಕೂರುತ್ತದೆ. ಪುಸ್ತಿಕೆಗೆ 40 ರೂಪಾಯಿಯಂತೆ ಏಳಕ್ಕೆ 280, ಓದಿ ಮುಗಿಸಿದ ಮೇಲೆ ಎಲ್ಲವನ್ನೂ ಕೂಡಿಸಿ ಕ್ಯಾಲಿಕೋ ಬಟ್ಟೆಯ ಗಟ್ಟಿ ಬೈಂಡಿಂಗ್‌ಗೆ 180ರ ಹತ್ತಿರ. ಮೈದಾ ಅಂಟಿಗೆ ಮೈಲುತುತ್ತ ಬೆರೆಸಿಯೇ ಹಾಕುತ್ತಾರೆ, ಹುಳ ಬರುವುದಿಲ್ಲ. ಕೊಂಡಾಗಿನ ಬೈಂಡಿಂಗಿಗಿಂತ ಈಗಿನದು ಗಟ್ಟಿ ಎಂದು ಮಾವನ ಕೈಗೇ ಕೊಟ್ಟು ತೋರಿಸಿದ್ದೇನೆ.

ಕಷ್ಟವಿರುವುದು ಈಚಿನ ಗೋಂದಿನ ಬೈಂಡಿಂಗ್‌ನಲ್ಲಿ. ಅಲ್ಲಿ ಫಾರಂ ಇರುವುದಿಲ್ಲ, ಬರೀ ಬಿಡಿ ಹಾಳೆ. ಏಪ್ರಿಲ್ ಬಿಸಿಲಿನಲ್ಲಿ ಆ ಅಂಟು ಮೆತ್ತಗಾಗಿ ಹಾಳೆಗಳು ಉದುರುತ್ತವೆ. 'ತೇಜೋ ತುಂಗಭದ್ರಾ'ದ ನನ್ನ ಪ್ರತಿ ಹಾಗೆಯೇ ಇತ್ತು. ಪಕ್ಕದ ಹೊಲಿಗೆ ಹಾಕಿದರೆ ಒಂದು ಸೆಂಟಿಮೀಟರ್ ಅಂಚು ತಿನ್ನುತ್ತದೆ. ಮೂರು ನಾಲ್ಕು ಬಗೆಯ ಅಂಟು, ಹಳೆ ಸೀರೆಯ ಪಟ್ಟಿ ಎಲ್ಲವನ್ನೂ ಪ್ರಯತ್ನಿಸಿ ಕೊನೆಗೆ ನಾನೂ ಆ ಹಿರಿಯರೂ ಸೇರಿ ಒಂದು ಉಪಾಯ ಕಂಡುಕೊಂಡೆವು. ಅದು ಅವರ ಹೊಟ್ಟೆಪಾಡಿನ ವಿಷಯವೂ ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಬಿಚ್ಚುವುದಕ್ಕಿಂತ ಮುಖ್ಯವಾದದ್ದು ಎಲ್ಲಿ ಬಿಚ್ಚಬೇಕು ಎನ್ನುವುದು. ಅಧ್ಯಾಯ ಮುಗಿದಲ್ಲಿ ನಿಲ್ಲಿಸಿದರೆ ಮುಂದಿನ ಪುಸ್ತಿಕೆಯನ್ನು ಕೈಗೆತ್ತಿಕೊಳ್ಳಲು ಮನಸ್ಸು ಬರುವುದಿಲ್ಲ. ನಾನು ಅಧ್ಯಾಯದ ನಡುವೆಯೇ ನಿಲ್ಲಿಸುತ್ತೇನೆ. ಹಿಂದಿನ ತುಂಡಿನ ಕೊನೆಯ ನಾಲ್ಕು ಪುಟಗಳ ನೆರಳಚ್ಚನ್ನು ಮುಂದಿನದರ ಮೊದಲಿಗೆ ಸೇರಿಸುತ್ತೇನೆ. ರಟ್ಟಿನ ಒಳಬದಿಯಲ್ಲಿ ಅಷ್ಟರವರೆಗಿನ ಹೆಸರುಗಳನ್ನು ಬರೆದಿಡುತ್ತೇನೆ. 'ಮದುಮಗಳು' ಓದುವಾಗ ವ್ಯಕ್ತಿಗಳ ಪಟ್ಟಿ ಕೆಲಸಕ್ಕೆ ಬರಲಿಲ್ಲ. ಮನೆಗಳ ನಕ್ಷೆ ಬರೆದಾಗ ಎಲ್ಲವೂ ಜಾಗಕ್ಕೆ ಬಂದು ಕೂತಿತು: ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ, ಹೂವಳ್ಳಿ, ಮೇಗರವಳ್ಳಿ. ಯಾರು ಯಾವ ಮನೆಯಿಂದ ಯಾವ ಮನೆಗೆ, ಯಾವ ಹೊತ್ತಿನಲ್ಲಿ, ಯಾರ ಕಣ್ಣು ತಪ್ಪಿಸಿ ಹೊರಟರು ಎಂದು ಗೆರೆ ಎಳೆಯುತ್ತ ಹೋದೆ. ನಾಯಿಗುತ್ತಿಯ ಗೆರೆ ಎಲ್ಲರದಕ್ಕಿಂತ ಉದ್ದವಾಯಿತು. ಯಜಮಾನರ ಕಾಗದ ಹೊತ್ತು ತಿರುಗುವ ಆ ಆಳು ಇಡೀ ಮಲೆನಾಡನ್ನು ಹೊಲಿದಿದ್ದಾನೆ. 1967ರಲ್ಲಿ ಬಂದ ಕಾದಂಬರಿ ಇದು. ಇದನ್ನು ಓದಿದ ಮೇಲೆ ನಾಯಕನೊಬ್ಬನ ಬೆನ್ನು ಹತ್ತಿ ಹೋಗುವ ಕಾದಂಬರಿಗಳು ನನಗೆ ಇಕ್ಕಟ್ಟಾಗಿ ಕಾಣುತ್ತಿವೆ.

ಎಲ್ಲಿ ಬೇಕಾದರೂ ಬಿಚ್ಚಬಹುದಾದ ಪುಸ್ತಕ ಇದೊಂದೇ. ಯಾವ ತುಂಡನ್ನು ತೆರೆದರೂ ಯಾರೋ ಒಬ್ಬರು ದಾರಿಯಲ್ಲಿರುತ್ತಾರೆ. ಭರಮೈಹೆಗ್ಗಡೆಯ ಜೊತೆಗಿನ ಮದುವೆಯನ್ನು ತಪ್ಪಿಸಿಕೊಂಡು ಚಿನ್ನಮ್ಮ ರಾತ್ರಿ ಮನೆಬಿಡುವ ಭಾಗವನ್ನು ಓದುವಾಗ ನಾನು ನಿಂತಿದ್ದೇನೆ ಎನ್ನುವುದೇ ಮರೆತಿತ್ತು. ಆದರೂ ನನಗೆ ಚಿನ್ನಮ್ಮನಿಗಿಂತ ಅವಳಿಗೆ ನೆರವಾಗುವ ಪೀಂಚಲು ದೊಡ್ಡವಳು. ಚಿನ್ನಮ್ಮನಿಗೆ ಮುಕುಂದಯ್ಯನಿದ್ದಾನೆ, ಬೆನ್ನಿಗೆ ಮನೆತನವಿದೆ. ಪೀಂಚಲು ತನ್ನದೇನೂ ಅಲ್ಲದ ಪ್ರೀತಿಗಾಗಿ ಕತ್ತಲೆಗೆ ಇಳಿಯುತ್ತಾಳೆ. ತುಂಗೆಯ ಪ್ರವಾಹದಲ್ಲಿ ಗುತ್ತಿಯ ನಾಯಿ, 'ಹುಲಿಯ' ಅದರ ಹೆಸರು, ಕೊಚ್ಚಿಹೋಗುವ ಪುಟಗಳನ್ನು ಮೂರು ಸಲ ಓದಿದೆ. 2010ರಲ್ಲಿ ಮೈಸೂರಿನ ರಂಗಾಯಣ ಇದನ್ನು ರಾತ್ರಿಯಿಡೀ ನಡೆಯುವ ಒಂಬತ್ತು ಗಂಟೆಗಳ ನಾಟಕವಾಗಿ ಆಡಿತ್ತು. ಆಗ ನಾನು ಚಿಕ್ಕವಳು, ನೋಡಿಲ್ಲ. ನೋಡಿದವರು ಈಗಲೂ ಬೆಳಗಿನ ಜಾವದ ದೃಶ್ಯಗಳ ಬಗ್ಗೆ ಹೇಳುವಾಗ ಹೊಟ್ಟೆಯುರಿಯುತ್ತದೆ.

2025ರ ಸೆಪ್ಟೆಂಬರಿನಲ್ಲಿ ಎಸ್.ಎಲ್. ಭೈರಪ್ಪನವರು ತೀರಿಕೊಂಡಾಗ ನಮ್ಮ ಬೋಗಿಯಲ್ಲಿ ವಾರವಿಡೀ ಅವರದೇ ಚರ್ಚೆ. ಜಗಳ ಕಾಯುವವರಲ್ಲಿ ಅರ್ಧ ಜನ ಅವರನ್ನು ಓದಿರಲಿಲ್ಲ. ನಾನು ಅವರ 'ಪರ್ವ'ವನ್ನು ಬಿಚ್ಚಿಸಿದೆ. ಶಲ್ಯ, ಕುಂತಿ, ದ್ರೌಪದಿ, ಭೀಮ ಎಂದು ಒಬ್ಬೊಬ್ಬರ ನೆನಪಿನೊಳಗಿಂದ ಕಥೆ ಹೊರಡುವುದರಿಂದ ಮೊದಲರ್ಧವನ್ನು ಬಿಚ್ಚುವುದು ಸುಲಭ. ಕುಂತಿಯ ಪುಸ್ತಿಕೆಯನ್ನು ಒಂದು ಬಿಡಿ ಕಾದಂಬರಿಯಂತೆಯೇ ಓದಬಹುದು. ನನ್ನ ಮಟ್ಟಿಗೆ ಇಡೀ ಪುಸ್ತಕದ ಶಿಖರ ಅದು. ಯುದ್ಧ ಶುರುವಾದ ಮೇಲೆ ಮಾತ್ರ ಬ್ಲೇಡಿಗೆ ಜಾಗವಿಲ್ಲ. ಅನ್ನವಿಲ್ಲದ ಸೈನ್ಯ, ಕೊಳೆಯುವ ಹೆಣಗಳ ನಾತ, ಎಲ್ಲವೂ ಉಸಿರು ಬಿಡದೆ ಬರುತ್ತದೆ. ಆ ಭಾಗವನ್ನು ದಪ್ಪವಾಗಿಯೇ ಉಳಿಸಿಕೊಂಡು ಭಾನುವಾರಗಳಂದು ಮನೆಯಲ್ಲಿ ಓದಿದೆ. ಪವಾಡಗಳನ್ನೆಲ್ಲ ತೆಗೆದು ಮನುಷ್ಯರನ್ನಷ್ಟೇ ಉಳಿಸಿದ ಛಲಕ್ಕೆ ತಲೆಬಾಗುತ್ತೇನೆ. ಆದರೆ ಎಲ್ಲರೂ ಒಂದೇ ಬಗೆಯಲ್ಲಿ ತರ್ಕ ಮಾಡುತ್ತಾರೆ. ಹೆಸರು ಮುಚ್ಚಿ ಒಂದು ಪುಟ ಓದಿಸಿದರೆ ಯೋಚಿಸುತ್ತಿರುವವನು ಭೀಮನೋ ಅರ್ಜುನನೋ ಎಂದು ಹೇಳುವುದು ಕಷ್ಟ. ಮೇಷ್ಟ್ರು ಇದನ್ನು ಒಪ್ಪುವುದಿಲ್ಲ, ನಾನು ಬಿಟ್ಟುಕೊಡುವುದಿಲ್ಲ.

ಭೈರಪ್ಪನವರದೇ 'ವಂಶವೃಕ್ಷ'ವನ್ನು ಬಿಚ್ಚಲು ಹೋಗಿ ಕೈಬಿಟ್ಟೆ. ಶ್ರೋತ್ರಿಯವರ ಮನೆಯ ಕಥೆ ಮತ್ತು ಸದಾಶಿವರಾಯರ ಮನೆಯ ಕಥೆ ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆ ಎಂದರೆ, ಎಲ್ಲಿ ನಿಲ್ಲಿಸಿದರೂ ಒಂದು ಮನೆಗೆ ಅನ್ಯಾಯವಾಗುತ್ತದೆ. ಇಡಿಯಾಗಿಯೇ ಹೊತ್ತು ಓದಿದೆ. ಓದಲೆಂದು ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವ ಕಾತ್ಯಾಯನಿಯನ್ನು ನಾನೂ ರೈಲಿನಲ್ಲೇ ನಿಂತು ಓದಿದ್ದೇನೆ. ಅವಳ ವಿಷಯದಲ್ಲಿ ನನಗೆ ಸಿಟ್ಟಿದೆ. ಮರುಮದುವೆಯಾದ ಮೇಲೆ ಅವಳಿಗೆ ಮತ್ತೆ ಮತ್ತೆ ಗರ್ಭಪಾತವಾಗುವುದು ಕಥೆಯೊಳಗಿಂದ ಹುಟ್ಟಿದ್ದಲ್ಲ, ಮೇಲಿನಿಂದ ಬಿದ್ದ ತೀರ್ಪು. ನಾಗಲಕ್ಷ್ಮಿ ಹಾಗಲ್ಲ. ಗಂಡ ಸದಾಶಿವರಾಯರು ವಿದ್ವತ್ತಿನ ಹೆಸರಿನಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಅವಳು ರಾಮನಾಮ ಬರೆಯುತ್ತ ಕೂರುವುದರಲ್ಲಿ ಒಂದು ಸುಳ್ಳು ಗೆರೆಯಿಲ್ಲ. ಇದೇ ಜಾಡಿನಲ್ಲಿ ತ್ರಿವೇಣಿಯವರ 'ಶರಪಂಜರ'ವನ್ನೂ ಓದಿದೆ. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರೆಲ್ಲ ಅನುಮಾನದಿಂದ ನೋಡುವ ಭಾಗ ಈಗ ಬರೆದಂತಿದೆ. ಹೆಣ್ಣಿನ ಮನಸ್ಸಿನ ವಿಷಯದಲ್ಲಿ ನನ್ನ ಓಟು ತ್ರಿವೇಣಿಯವರಿಗೆ.

ವಸುಧೇಂದ್ರ ಅವರ 'ತೇಜೋ ತುಂಗಭದ್ರಾ' 2019ರಲ್ಲಿ ಬಂದದ್ದು. ಅದರ ಮೇಲೆ ಬೇರೊಂದು ಪ್ರಯೋಗ ಮಾಡಿದೆ. ಲಿಸ್ಬನ್ನಿನ ಭಾಗಗಳನ್ನೆಲ್ಲ ಒಂದು ಕಡೆ, ತುಂಗಭದ್ರೆಯ ದಂಡೆಯ ಭಾಗಗಳನ್ನೆಲ್ಲ ಇನ್ನೊಂದು ಕಡೆ ಹೊಲಿಸಿದೆ. ಹೇಗೂ ಬಿಡಿ ಹಾಳೆಗಳು. ಗೇಬ್ರಿಯಲ್ ಮತ್ತು ಬೆಲ್ಲಾರ ಕಥೆ ಸರಸರನೆ ಓಡಿತು, ಆದರೆ ಬರೀ ಸಾಹಸದ ಕಥೆಯಾಯಿತು. ಅಲ್ಲಿ ಯಹೂದಿಗಳ ಮೇಲೆ ನಡೆಯುವ ಕ್ರೌರ್ಯವನ್ನು ಓದಿದ ಮರುಕ್ಷಣ ಇಲ್ಲಿನ ಹಂಪಮ್ಮನ ಊರಿಗೆ ಬಂದರೆ ಮಾತ್ರ ಲೇಖಕರು ಏನನ್ನು ತೋರಿಸುತ್ತಿದ್ದಾರೆ ಎನ್ನುವುದು ಮೈಗೆ ತಟ್ಟುತ್ತದೆ. ಮತ್ತೆ 300 ರೂಪಾಯಿ ಕೊಟ್ಟು ಕ್ರಮವಾಗಿ ಜೋಡಿಸಿದೆ, ಮೊದಲಿನಿಂದ ಓದಿದೆ. ಸಂಶೋಧನೆ ಮಾಡಿದ್ದೆಲ್ಲವನ್ನೂ ಹೇಳಿಬಿಡುವ ಆಸೆ ಅಲ್ಲಲ್ಲಿ ಕಥೆಯನ್ನು ನಿಲ್ಲಿಸುತ್ತದೆ. ಹಾಗಿದ್ದರೂ ನನ್ನ ವಯಸ್ಸಿನವರು ಮೊದಲ ದಪ್ಪ ಕಾದಂಬರಿ ಯಾವುದೆಂದು ಕೇಳಿದರೆ ಇದನ್ನೇ ಕೊಡುತ್ತೇನೆ.

ತೇಜಸ್ವಿಯವರ 'ಕರ್ವಾಲೊ' ತೆಳ್ಳಗಿದೆ, ಬಿಚ್ಚುವ ಮಾತಿಲ್ಲ. ಮಂದಣ್ಣನಂಥ ಹಳ್ಳಿಯ ಹುಡುಗನನ್ನು ವಿಜ್ಞಾನಿಯೊಬ್ಬ ಗೌರವದಿಂದ ನೋಡುವುದೇ ಅಲ್ಲಿ ಹಾರುವ ಓತಿಗಿಂತ ದೊಡ್ಡ ಶೋಧ.

'ಕುಸುಮಬಾಲೆ' ತೀರಾ ಚಿಕ್ಕದು, ಆದರೂ ನನಗೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಕಣ್ಣಿನಲ್ಲಿ ಓದಿದರೆ ಮುಂದೆ ಹೋಗುತ್ತಲೇ ಇರಲಿಲ್ಲ. ದೇವನೂರ ಮಹಾದೇವ ಅವರು ನಂಜನಗೂಡು ಸೀಮೆಯ ನುಡಿಯಲ್ಲೇ ಬರೆದಿದ್ದಾರೆ; ಮಂಡ್ಯದವಳಾದ ನನಗೂ ಅದು ಪೂರಾ ಹತ್ತಿರದ್ದಲ್ಲ. ಆ ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮ ಅಜ್ಜಿಯ ಮುಂದೆ ಸಂಜೆಗಳಲ್ಲಿ ಗಟ್ಟಿಯಾಗಿ ಓದಿದೆ. ಅಜ್ಜಿಗೆ ಅಕ್ಷರ ಬಾರದು. ನಾನು ತಪ್ಪು ಜಾಗದಲ್ಲಿ ಉಸಿರು ನಿಲ್ಲಿಸಿದರೆ, "ಅಲ್ಲಲ್ಲ, ಅದು ಹಂಗಲ್ಲ ಕಣವ್ವ" ಎಂದು ತಾನೇ ಸರಿಯಾಗಿ ಹೇಳಿಕೊಡುತ್ತಿದ್ದಳು. ಊರಿನ ದೀಪಗಳು, ಅಂದರೆ ಜೋತಮ್ಮಗಳು, ಸೇರಿ ಮಾತಾಡುವ ಭಾಗ ಬಂದಾಗ ನಾನು ಬೆರಗಾದೆ, ಅಜ್ಜಿಗೆ ಅದರಲ್ಲಿ ಬೆರಗೇ ಇರಲಿಲ್ಲ. ದೀಪಗಳು ಮಾತಾಡದೆ ಇನ್ನೇನು ಎಂದಳು. ಆ ದಿನ ಈ ಪುಸ್ತಕ ನನಗೆ ತೆರೆದುಕೊಂಡಿತು.

ಈಗ ನಮ್ಮ ಬೋಗಿಯಲ್ಲಿ ಐದಾರು ಜನ ಪುಸ್ತಕ ಬಿಚ್ಚಿಸಿದ್ದಾರೆ. ನನ್ನ 'ಮದುಮಗಳು' ತುಂಡು ತುಂಡಾಗಿದ್ದಾಗ ಇಬ್ಬರು ಗೆಳತಿಯರು ಹಿಂದೆ ಹಿಂದೆಯೇ ಓದಿಕೊಂಡು ಬಂದರು. ನಾನು ಮೂರನೆಯದಕ್ಕೆ ಹೋದಾಗ ಮೊದಲನೆಯದು ಒಬ್ಬಳ ಕೈಯಲ್ಲಿ, ಎರಡನೆಯದು ಇನ್ನೊಬ್ಬಳ ಕೈಯಲ್ಲಿ. ಒಂದೇ ಪ್ರತಿಯಲ್ಲಿ ಮೂವರು ಓದಿದ ಲೆಕ್ಕಕ್ಕೆ ತಲೆಗೆ 250 ರೂಪಾಯಿಯೂ ಬೀಳಲಿಲ್ಲ. ಗ್ರಂಥಾಲಯದ ಪುಸ್ತಕಕ್ಕೂ, ಲೇಖಕರ ಸಹಿ ಇರುವ ಪ್ರತಿಗೂ ಬ್ಲೇಡು ಸೋಕಿಸಬೇಡಿ ಎಂದು ಎಲ್ಲರಿಗೂ ಹೇಳಿದ್ದೇನೆ.

ಮೇಷ್ಟ್ರ 'ಗ್ರಾಮಾಯಣ' ಹೊಲಿಗೆಯದೇ, ಬೆನ್ನು ಮಾತ್ರ ಇಲಿ ಕಡಿದು ಹಾಳಾಗಿದೆ. ಶನಿವಾರ ಅರ್ಧ ದಿನ ರಜೆ ಹಾಕಿ ಅಶೋಕ ರಸ್ತೆಗೆ ಒಯ್ಯುತ್ತೇನೆ. ಬಿಚ್ಚಿದ ಕೂಡಲೇ ಮೊದಲ ಪುಸ್ತಿಕೆ ನನಗೆ, ಎರಡನೆಯದು ಬರುವವರೆಗೆ ಮೇಷ್ಟ್ರು ಕಾಯಬೇಕು ಎಂದು ಒಪ್ಪಂದವಾಗಿದೆ.