ಹಳೆಯ ಸಾಹಸ ಆಟದ ಚಿತ್ರಗಳನ್ನು ಹೊಸ ಪರದೆಗೆ ಹೊಂದಿಸುವುದು ಹೇಗೆ?

ಹಳೆಯ ಕಂಪ್ಯೂಟರ್ ಸಾಹಸ ಆಟವೊಂದನ್ನು ಇಂದಿನ ಅಗಲ ಪರದೆಯಲ್ಲಿ ತೆರೆದಾಗ ಪಾತ್ರಗಳು ಕುಳ್ಳಗೆ ಕಾಣುವುದಕ್ಕೆ ಚಿತ್ರ ಬಿಡಿಸಿದವರು ಕಾರಣರಲ್ಲ. 1987ರಲ್ಲಿ ಬಂದ ವಿಜಿಎ ಎಂಬ ಪರದೆ ವ್ಯವಸ್ಥೆಯಲ್ಲಿ ಇಂಥ ಆಟಗಳು ಅಡ್ಡಕ್ಕೆ 320, ಎತ್ತರಕ್ಕೆ 200 ಚುಕ್ಕಿಗಳಲ್ಲಿ, 256 ಬಣ್ಣಗಳಲ್ಲಿ ಮೂಡುತ್ತಿದ್ದವು. ಅಂದಿನ 4:3 ಅಳತೆಯ ಪರದೆಯಲ್ಲಿ ಪ್ರತಿ ಚುಕ್ಕಿಯೂ ಅಗಲಕ್ಕಿಂತ ಸ್ವಲ್ಪ ಎತ್ತರವಾಗಿ ಕಾಣುತ್ತಿತ್ತು; ಇಂದಿನ ಪರದೆಯಲ್ಲಿ ಅದು ಚೌಕವಾಗಿರುವುದರಿಂದ ಚಿತ್ರ ಕುಗ್ಗುತ್ತದೆ. ಆದ್ದರಿಂದ ಮೊದಲು ಸರಿಪಡಿಸಬೇಕಾದುದು ಆಕಾರವನ್ನು. ನುಣುಪು ಆಮೇಲಿನ ಮಾತು.

ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಐಸಿಟಿ (ಕಂಪ್ಯೂಟರ್) ಪಾಠ ಕಲಿತವರಿಗೆ ಕಂಪ್ಯೂಟರ್ ನಡೆಸುವ ಉಬುಂಟು, ಚಿತ್ರ ತಿದ್ದುವ ಗಿಂಪ್ ಎರಡೂ ಪರಿಚಿತ. ಇನ್ನು ಬೇಕಾಗುವುದು ಹಳೆಯ ಸಾಹಸ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುವ ಸ್ಕಮ್‌ವಿಎಂ ಒಂದೇ, ಅದೂ ಉಚಿತ. ಅಭ್ಯಾಸಕ್ಕೆ 1994ರ ‘ಬಿನೀತ್ ಎ ಸ್ಟೀಲ್ ಸ್ಕೈ’ ಒಳ್ಳೆಯದು: ತಯಾರಕರೇ 2003ರಲ್ಲಿ ಅದನ್ನು ಉಚಿತವಾಗಿ ಬಿಟ್ಟುಕೊಟ್ಟಿರುವುದರಿಂದ ಕಳ್ಳಪ್ರತಿಯ ಗೊಡವೆಯಿಲ್ಲ.

ಆಟವನ್ನು ಸ್ಕಮ್‌ವಿಎಂಗೆ ಸೇರಿಸಿದ ಬಳಿಕ ಗ್ರಾಫಿಕ್ಸ್ ವಿಭಾಗದಲ್ಲಿ ಆಸ್ಪೆಕ್ಟ್ ರೇಶಿಯೋ ಕರೆಕ್ಷನ್ (ಆಕಾರ ತಿದ್ದುಪಡಿ) ಎಂಬುದನ್ನು ಗುರುತು ಮಾಡಿರಿ. ಆಟದ ನಡುವೆ ಕಂಟ್ರೋಲ್, ಆಲ್ಟ್, ಎ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವ್ಯತ್ಯಾಸ ತಿಳಿಯುತ್ತದೆ. 1920×1080ರ ಪರದೆಯಲ್ಲಿ ಸರಿಯಾದ ಚಿತ್ರ 1440 ಚುಕ್ಕಿಗಳಷ್ಟೇ ಅಗಲವಿದ್ದು ಇಕ್ಕೆಲಗಳಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಅದನ್ನು ತುಂಬಿಸಲು ಚಿತ್ರವನ್ನು ಹಿಗ್ಗಿಸಲೇಬಾರದು.

ಅನಂತರ ಸ್ಕೇಲರ್, ಅಂದರೆ ಚಿತ್ರವನ್ನು ದೊಡ್ಡದಾಗಿಸುವ ಸೌಲಭ್ಯ. ಅದರಲ್ಲಿ ಎಚ್‌ಕ್ಯೂ ಎಂಬ ಬಗೆಯ ಸ್ಕೇಲರ್ ಅಂಚುಗಳನ್ನು ನಯಗೊಳಿಸುತ್ತದೆ. ಗೆರೆಗಳು ಸ್ಪಷ್ಟವಾಗಿರುವ ಆಟಕ್ಕೆ ಅದು ಹಿತ. ಆದರೆ ಈ ಆಟದ ಹಿನ್ನೆಲೆಗಳು ಕಾಮಿಕ್ಸ್ ಕಲಾವಿದ ಡೇವ್ ಗಿಬ್ಬನ್ಸ್ ಕಾಗದದ ಮೇಲೆ ಬಿಡಿಸಿ, ಬಳಿಕ ಸ್ಕ್ಯಾನ್ ಮಾಡಿದವು. ಅಲ್ಲಿ ನಯಗೊಳಿಸುವಿಕೆ ಹೆಚ್ಚಾದಂತೆ ಕುಂಚದ ಗುರುತು ಅಳಿದು ಮುಖಗಳು ಮೇಣದ ಬೊಂಬೆಗಳಂತಾಗುತ್ತವೆ. ಸ್ಕೇಲರ್‌ನಲ್ಲಿ ಎರಡರಷ್ಟಕ್ಕಿಂತ ಮುಂದೆ ಹೋಗದಿರುವುದು ಒಳ್ಳೆಯದೆಂಬುದು ನನ್ನ ದೃಢ ಅಭಿಪ್ರಾಯ.

ಹೊಸದಾಗಿ ಚಿತ್ರಿಸುವ ಉತ್ಸಾಹವಿದ್ದರೆ, ಸ್ಕೇಲರ್ ಮತ್ತು ಆಕಾರ ತಿದ್ದುಪಡಿ ಎರಡನ್ನೂ ತೆಗೆದು, 320×200ರ ಪರದೆಚಿತ್ರವನ್ನು ಗಿಂಪ್‌ನಲ್ಲಿ ತೆರೆದು, ಅಗಲವನ್ನು ಐದು ಪಟ್ಟು, ಎತ್ತರವನ್ನು ಆರು ಪಟ್ಟು ಹೆಚ್ಚಿಸಿರಿ. ನಡುವಿನ ಬಣ್ಣಗಳನ್ನು ಊಹಿಸಿ ತುಂಬುವ ಇಂಟರ್‌ಪೋಲೇಶನ್ ‘ನನ್’ (ಬೇಡ) ಎಂದಿರಲಿ. ಆಗ ದೊರೆಯುವ 1600×1200ರ ಚಿತ್ರ ನಿಖರವಾಗಿ 4:3 ಆಗಿರುತ್ತದೆ. ಅದರ ಮೇಲೆ ಹೊಸ ಪದರ ಹಾಕಿ ಚಿತ್ರಿಸಿರಿ. ಚುಕ್ಕಿಗಳನ್ನು ಬೆರೆಸಿ ಇಲ್ಲದ ಬಣ್ಣವನ್ನು ಕಾಣಿಸಿದ (ಇದೇ ಡಿದರಿಂಗ್) ಕಡೆಗಳಲ್ಲಿ ಮೂಲ ಕಲಾವಿದರ ಉದ್ದೇಶವೇನೆಂದು ಊಹಿಸಬೇಕಾಗುತ್ತದೆ. ಅದಕ್ಕೊಂದು ಒಳ್ಳೆಯ ಅಭ್ಯಾಸವಿದೆ: ಬೇಕಲ ಕೋಟೆಯ ಕೆಂಪುಕಲ್ಲಿನ ಗೋಡೆಯ ಫೋಟೋವನ್ನು 320×200ಕ್ಕೆ ಇಳಿಸಿ, ಗಿಂಪ್‌ನ ಇಂಡೆಕ್ಸ್ಡ್ ಮೋಡ್‌ನಲ್ಲಿ (ಸೀಮಿತ ಬಣ್ಣಗಳ ಬಗೆ) 16 ಬಣ್ಣಗಳಿಗೆ ತಗ್ಗಿಸಿ, ಡಿದರಿಂಗ್ ಹಾಕಿ ಮತ್ತು ತೆಗೆದು ಹೋಲಿಸಿ ನೋಡಿರಿ.

ಹಿನ್ನೆಲೆಯಿಂದಲೇ ಆರಂಭಿಸಿರಿ, ಏಕೆಂದರೆ ನಡೆಯುವ ಪಾತ್ರದ ಪ್ರತಿಯೊಂದು ಚೌಕಟ್ಟನ್ನೂ (ಫ್ರೇಮ್) ಬೇರೆಬೇರೆಯಾಗಿ ಬಿಡಿಸಬೇಕಾಗುತ್ತದೆ. ಪಾತ್ರವು ಹಿಂದೆ ಮರೆಯಾಗುವ ಕಂಬ, ಬಾಗಿಲುಗಳ ಅಂಚನ್ನು ಒಂದು ಚುಕ್ಕಿಯಷ್ಟೂ ಸರಿಸಬಾರದು. ಚಿತ್ರಗಳನ್ನು ಆಟದೊಳಗೆ ಕೂರಿಸುವ ವಿಧಾನ ಎಂಜಿನ್‌ನಿಂದ (ಆಟವನ್ನು ನಡೆಸುವ ತಂತ್ರಾಂಶದಿಂದ) ಎಂಜಿನ್‌ಗೆ ಬೇರೆಯಾದ್ದರಿಂದ, ಮೂಲ ಕಡತಗಳ ಒಂದು ನಕಲನ್ನು ಪ್ರತ್ಯೇಕವಾಗಿ ತೆಗೆದಿರಿಸಿರಿ. ಹೊಸ ಚಿತ್ರಗಳನ್ನು ಇತರರಿಗೆ ಹಂಚುವ ಮುನ್ನ ಆಟದ ಪರವಾನಗಿಯನ್ನು ಓದಿರಿ.