ಟಿಆರ್‌ಸಿ ಒಂದೇ ಸಾಲದೆ ಹೋದಾಗ

2022ರ ಕೊನೆಗೆ ನಮ್ಮ ಹಳೆಯ ಕಕ್ಷಿದಾರರೊಬ್ಬರು ಆದಾಯ ತೆರಿಗೆ ಇಲಾಖೆಯ ಕರಡು ಆದೇಶ ಹಿಡಿದು ಕಲಬುರಗಿಯ ನನ್ನ ಕಚೇರಿಗೆ ಬಂದರು. ಬೀದರಿನವರು. ಸಿಂಗಪುರದಲ್ಲಿ ಯಂತ್ರ ತಪಾಸಣೆಯ ಸ್ವಂತ ಕಂಪನಿ. ಇಲ್ಲಿಯ ಕಾರ್ಖಾನೆಯೊಂದರಿಂದ ಬಂದ ಶುಲ್ಕಕ್ಕೆ, ಒಂದೇ ಆದಾಯಕ್ಕೆ ಎರಡು ದೇಶಗಳಲ್ಲಿ ತೆರಿಗೆ ಬೀಳದಂತೆ ಮಾಡಿಕೊಂಡ ಒಪ್ಪಂದದ (ಡಿಟಿಎಎ) ಅಡಿ, ಇಲ್ಲಿ ತೆರಿಗೆ ಇಲ್ಲವೆಂದು ರಿಟರ್ನ್ ಹಾಕಿದ್ದೆವು. ಕಂಪನಿ ಬರೀ ಕಾಗದದ ಮೇಲಿನದು, ಒಪ್ಪಂದದ ಲಾಭಕ್ಕೆಂದೇ ಕಟ್ಟಿದ್ದು ಎಂದು ಅಧಿಕಾರಿ ಬರೆದಿದ್ದರು.

"ಹತ್ತು ವರ್ಷ ಬೆವರು ಸುರಿಸಿ ಕಟ್ಟೀನ್ರಿ ಸಾಹೇಬ್ರ, ಇದಕ್ಕ ಖೊಟ್ಟಿ ಕಂಪನಿ ಅಂತಾರಲ್ರಿ!"

ತಪ್ಪು ನನ್ನದೂ ಇತ್ತು. ನೋಟಿಸಿಗೆ ಟಿಆರ್‌ಸಿ, ಅಂದರೆ ಕಂಪನಿ ಸಿಂಗಪುರದ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರ, ಮತ್ತು ಅದರ ಜೊತೆಗಿನ ವಿವರಗಳ ಫಾರ್ಮ್ 10ಎಫ್ ಎರಡನ್ನೇ ಕೊಟ್ಟಿದ್ದೆ. ಹಲವು ದೇಶಗಳ ತೆರಿಗೆ ಒಪ್ಪಂದಗಳನ್ನು ಒಟ್ಟಿಗೇ ತಿದ್ದುವ ಬಹುಪಕ್ಷೀಯ ಒಪ್ಪಂದ ಎಂಎಲ್‌ಐ ಬಂದ ಮೇಲೆ, 2020-21ರಿಂದ, ಸಿಂಗಪುರದ ಡಿಟಿಎಎಗೂ ಮುಖ್ಯ ಉದ್ದೇಶದ ಪರೀಕ್ಷೆ ಅನ್ವಯಿಸುತ್ತದೆ: ಒಪ್ಪಂದದ ಲಾಭ ಪಡೆಯುವುದೇ ಪ್ರಮುಖ ಉದ್ದೇಶಗಳಲ್ಲಿ ಒಂದಾಗಿದ್ದರೆ ಆ ಲಾಭ ಸಿಗದು. ಮೇಲಾಗಿ ವಿವಾದಕ್ಕೆ ಬಂದದ್ದು ಲಾಕ್‌ಡೌನ್ ವರ್ಷ. ಮಾಲೀಕರು ತಿಂಗಳುಗಟ್ಟಲೆ ಬೀದರಿನಲ್ಲೇ ಉಳಿದು, ಅಲ್ಲಿಂದಲೇ ಆನ್‌ಲೈನಿನಲ್ಲಿ ಬೋರ್ಡ್ ಸಭೆ ನಡೆಸಿದ್ದರು. ಅನುಮಾನಕ್ಕೆ ಅದೇ ಕಾರಣವಾಯಿತು.

ಮುಂದಿನ ದಾರಿ ಆರಿಸಲು ಮೂವತ್ತೇ ದಿನ. ಕರಡು ಆದೇಶದ ಆಕ್ಷೇಪ ಕೇಳುವ ಇಲಾಖೆಯ ಸಮಿತಿ ಡಿಆರ್‌ಪಿಗೆ ಹೋದರೆ ಮುಂದಿನ ಅಪೀಲು ನೇರ ಟ್ರಿಬ್ಯುನಲ್ಲಿಗೆ. ಟ್ರಿಬ್ಯುನಲ್ ಆದೇಶ ಬಂದರೆ, 2020ರ ಮಾರ್ಗಸೂಚಿ ಪ್ರಕಾರ, ಮ್ಯಾಪ್‌ನಲ್ಲಿ, ಅಂದರೆ ಎರಡು ದೇಶಗಳ ತೆರಿಗೆ ಇಲಾಖೆಗಳು ಕೂತು ವಿವಾದ ಬಗೆಹರಿಸುವ ಮಾತುಕತೆಯಲ್ಲಿ, ಭಾರತ ಅದನ್ನು ಬಿಟ್ಟು ಸರಿಯುವುದಿಲ್ಲ. ಅದಕ್ಕೇ ಡಿಆರ್‌ಪಿ ಬಿಟ್ಟು, ಅಂತಿಮ ಆದೇಶ ಬಂದ ಮೇಲೆ ಕಮಿಷನರ್ (ಅಪೀಲು) ಮುಂದೆ ಹೋದೆ. ಜೊತೆಗೇ ಮ್ಯಾಪ್ ಅರ್ಜಿ. ಅದನ್ನು ಇಲ್ಲಿ ಹಾಕುವಂತಿಲ್ಲ. ಕಂಪನಿ ಎಲ್ಲಿಯ ನಿವಾಸಿಯೋ ಅಲ್ಲಿಯ ಇಲಾಖೆಗೇ ಹಾಕಬೇಕು. ದುರುಪಯೋಗದ ಆರೋಪವಿದ್ದರೆ ಮ್ಯಾಪ್ ಸಿಗದು ಎಂದು ಇಬ್ಬರು ಸಹೋದ್ಯೋಗಿಗಳು ಹೇಳಿದ್ದರು. ಅದು ಸರಿಯಲ್ಲ. ತೆರಿಗೆ ತಪ್ಪಿಸುವುದನ್ನು ತಡೆಯುವ ಅಂತರರಾಷ್ಟ್ರೀಯ ಯೋಜನೆ ಬೆಪ್ಸ್‌ನ 2015ರ ಆಕ್ಷನ್ 14ರ ಕನಿಷ್ಠ ಮಾನದಂಡದಂತೆ ಇಂಥ ಪ್ರಕರಣಗಳಿಗೂ ಬಾಗಿಲು ತೆರೆದೇ ಇರಬೇಕು.

ನಿಜವಾದ ಶ್ರಮ ಹೋಗಿದ್ದು ಕಾಗದಪತ್ರ ಕೂಡಿಸುವುದಕ್ಕೆ. ಬಾಡಿಗೆ ಕರಾರು, ಅಲ್ಲಿಯ ನೌಕರರ ಭವಿಷ್ಯನಿಧಿ ಪಾವತಿ, ತಪಾಸಣಾ ವರದಿಗಳ ಮೇಲೆ ಎಂಜಿನಿಯರುಗಳ ಸಹಿ. ಎಲ್ಲಕ್ಕಿಂತ ತೂಕದ್ದು ಹಳೆಯ ಇನ್‌ವಾಯ್ಸುಗಳು: ಭಾರತದ ಗ್ರಾಹಕ ಸಿಗುವ ಎಷ್ಟೋ ವರ್ಷ ಮೊದಲೇ ಮಲೇಷ್ಯಾ, ಇಂಡೊನೇಷ್ಯಾಗಳಲ್ಲಿ ಕೆಲಸ ನಡೆದಿತ್ತು. ಒಪ್ಪಂದದ ಲಾಭಕ್ಕೆಂದೇ ಕಟ್ಟಿದ ಕಂಪನಿ ಅಷ್ಟು ವರ್ಷ ಬೇರೆ ದೇಶಗಳಲ್ಲಿ ಯಾಕೆ ದುಡಿಯುತ್ತಿತ್ತು? ಬೀದರಿನಿಂದ ನಡೆಸಿದ ಸಭೆಗಳನ್ನು ಮುಚ್ಚಿಡಲಿಲ್ಲ. ರದ್ದಾದ ವಿಮಾನ ಟಿಕೆಟ್ಟುಗಳ ಸಮೇತ ತಿಂಗಳುವಾರು ಪಟ್ಟಿ ಕೊಟ್ಟೆವು.

ಎರಡು ಸರ್ಕಾರಗಳ ಮಾತುಕತೆಯಲ್ಲಿ ನಮಗೆ ಕುರ್ಚಿಯಿಲ್ಲ. ಕಾಯುವುದಷ್ಟೇ. 2025ರಲ್ಲಿ ಕಂಪನಿ ನಿಜವಾದದ್ದೇ ಎಂದು ಎರಡೂ ಕಡೆ ಒಪ್ಪಿದರು. ಮೂವತ್ತು ದಿನದೊಳಗೆ ಸಮ್ಮತಿ ಪತ್ರ ಕೊಟ್ಟು ಅಪೀಲು ಹಿಂದೆಗೆದೆವು.